ಚಾಳೀಸಿನ ಕಣ್ಣು: ದೂರದೃಷ್ಟಿಯುಳ್ಳವರಿಗೆ ಶಸ್ತ್ರಚಿಕಿತ್ಸೆಯ ಮಾರ್ಗಗಳು

ಉತ್ತರ ಕರ್ನಾಟಕದ ಅನೇಕ ಕಡೆಗಳಲ್ಲಿ ಕನ್ನಡಕಕ್ಕೆ ‘ಚಾಳೀಸು’ ಎಂಬ ಹೆಸರು ರೂಢಿಯಲ್ಲಿದೆ. ನಾಲ್ವತ್ತು ಎಂಬರ್ಥದ ಮರಾಠಿಯ ಸಂಖ್ಯಾವಾಚಕಕ್ಕೆ ಸಂಬಂಧಿಸಿದ ಈ ಮಾತು ಒಂದು ವಸ್ತುವಿನ ಹೆಸರಾಗುವುದಕ್ಕೆ ಮೊದಲು ಒಂದು ವಯಸ್ಸಿನ ಹೆಸರು. ನಾಲ್ವತ್ತು ದಾಟಿದ ಮೇಲೆ ಪುಸ್ತಕ ಹಿಡಿದ ಕೈ ತಾನಾಗಿಯೇ ಕಣ್ಣಿನಿಂದ ದೂರ ಸರಿಯತೊಡಗುತ್ತದೆ. ಅಕ್ಕಿ ಆರಿಸುವ ಮೊರ ಒಳಮನೆಯಿಂದ ಅಂಗಳದ ಬಿಸಿಲಿಗೆ ಬರುತ್ತದೆ. ಸೂಜಿಗೆ ದಾರ ಪೋಣಿಸಲು ಮಕ್ಕಳನ್ನು ಕರೆಯಬೇಕಾಗುತ್ತದೆ. ಶಿಕ್ಷಕನಾದವನು ಹಾಜರಿ ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದು ಹೆಸರು ಓದುತ್ತಾನೆ. ಇದು ರೋಗವಲ್ಲ, ನರೆಗೂದಲಿನಂತೆ ಎಲ್ಲರಿಗೂ ಬರತಕ್ಕದ್ದು. ಆದರೆ ಎಲ್ಲರಿಗೂ ಒಂದೇ ಕಾಲಕ್ಕೆ, ಒಂದೇ ಪ್ರಮಾಣದಲ್ಲಿ ಬರುವುದಿಲ್ಲ. ಹುಟ್ಟಿನಿಂದಲೇ ದೂರದೃಷ್ಟಿ ದೋಷವುಳ್ಳವರನ್ನು ಇದು ಬೇಗನೆ ಹಿಡಿಯುತ್ತದೆ ಮತ್ತು ಹೆಚ್ಚು ಕಾಡುತ್ತದೆ. ಕನ್ನಡಕವನ್ನು ಬಿಟ್ಟು ಶಸ್ತ್ರಚಿಕಿತ್ಸೆಯಿಂದ ಇದನ್ನು ಸರಿಪಡಿಸಿಕೊಳ್ಳಬಹುದೆ ಎಂದು ಕೇಳುವವರ ಸಂಖ್ಯೆ ಈಗ ಬೆಳೆಯುತ್ತಿದೆ. ಮಾರ್ಗಗಳು ಹಲವಿವೆ, ಯಾವುದೂ ಎಲ್ಲರಿಗೂ ಸಲ್ಲುವಂಥದಲ್ಲ.

ಮೊದಲು ಹೆಸರಿನ ಗೊಂದಲವೊಂದನ್ನು ಬಿಡಿಸಿಕೊಳ್ಳಬೇಕು. ವ್ಯವಹಾರದಲ್ಲಿ ‘ದೂರದೃಷ್ಟಿ’ ಎಂಬುದು ಹೊಗಳಿಕೆಯ ಮಾತು. ವಿಜ್ಞಾನ ಪಾಠದಲ್ಲಿ ಅದು ದೋಷದ ಹೆಸರು. ಇದಲ್ಲದೆ, ವಯಸ್ಸಿನಿಂದ ಬರುವ ಚಾಳೀಸನ್ನೂ ಹುಟ್ಟಿನಿಂದಿರುವ ದೂರದೃಷ್ಟಿಯನ್ನೂ ಒಂದೇ ಎಂದು ತಿಳಿಯುವುದು ವಾಡಿಕೆಯಾಗಿದೆ. ಎರಡಕ್ಕೂ ಉಬ್ಬುಗಾಜು, ಅಂದರೆ ಪೀನಮಸೂರವೇ ಪರಿಹಾರವಾದ್ದರಿಂದ ಈ ತಪ್ಪು ಸಹಜವೇ ಸರಿ. ವೈದ್ಯರೂ ಬಹುಕಾಲ ಇದೇ ಗೊಂದಲದಲ್ಲಿದ್ದರು. ಹಾಲೆಂಡಿನ ಯುಟ್ರೆಕ್ಟ್ ನಗರದ ಫ್ರಾನ್ಸ್ ಡಾಂಡರ್ಸ್ ಎಂಬ ವೈದ್ಯನು 1864ರಲ್ಲಿ ಪ್ರಕಟಿಸಿದ ಬೃಹದ್ಗ್ರಂಥದಲ್ಲಿ ಇವೆರಡನ್ನೂ ಸ್ಪಷ್ಟವಾಗಿ ಬೇರ್ಪಡಿಸಿ ತೋರಿಸಿದನು. ಒಂದು ಕಣ್ಣಿನ ಆಕಾರದ ದೋಷ. ಇನ್ನೊಂದು ಕಣ್ಣಿನ ಶಕ್ತಿಯ ಕ್ಷಯ. ಒಬ್ಬನೇ ವ್ಯಕ್ತಿಯಲ್ಲಿ ಎರಡೂ ಕೂಡಿ ಬರಬಹುದು. ಹಾಗೆ ಕೂಡಿ ಬಂದಾಗ ಏನಾಗುತ್ತದೆ, ಏನು ಮಾಡಬಹುದು ಎಂಬುದೇ ಪ್ರಸ್ತುತ ವಿಷಯ.

ಬೆಳೆದ ಮನುಷ್ಯನ ಕಣ್ಣುಗುಡ್ಡೆಯ ಉದ್ದ ಸುಮಾರು 24 ಮಿಲಿಮೀಟರು. ಮುಂಭಾಗದಲ್ಲಿ ಗಡಿಯಾರದ ಗಾಜಿನಂತೆ ಉಬ್ಬಿರುವ ಪಾರದರ್ಶಕ ಪಟಲಕ್ಕೆ ಕಾರ್ನಿಯ ಎಂದು ಹೆಸರು. ಬೆಳಕನ್ನು ಬಾಗಿಸುವ ಕೆಲಸದಲ್ಲಿ ಮೂರನೆಯ ಎರಡು ಪಾಲು ಇದರದೇ. ಉಳಿದ ಪಾಲು ಪಾಪೆಯ ಹಿಂದಿರುವ ಮಸೂರದ್ದು. ಇವೆರಡೂ ಸೇರಿ ದೂರದಿಂದ ಬಂದ ಕಿರಣಗಳನ್ನು ಹಿಂಭಾಗದ ಅಕ್ಷಿಪಟದ ಮೇಲೆ ಕರಾರುವಾಕ್ಕಾಗಿ ಕೂಡಿಸಬೇಕು. ಕಣ್ಣುಗುಡ್ಡೆ ಒಂದು ಮಿಲಿಮೀಟರಿನಷ್ಟು ಗಿಡ್ಡವಾಗಿದ್ದರೂ ಸಾಕು, ಬಿಂಬವು ಅಕ್ಷಿಪಟದ ಹಿಂದೆ ಬೀಳುವಂತಾಗಿ, ಸುಮಾರು ಮೂರು ಡಯಾಪ್ಟರಿನಷ್ಟು ದೂರದೃಷ್ಟಿ ದೋಷ ಉಂಟಾಗುತ್ತದೆ. (ಡಯಾಪ್ಟರ್ ಎಂಬುದು ಮಸೂರದ ಶಕ್ತಿಯ ಅಳತೆ, ಕನ್ನಡಕದ ಚೀಟಿಯಲ್ಲಿ ‘ನಂಬರು’ ಎಂದು ಬರೆದುಕೊಡುವುದು ಇದನ್ನೇ.)

ಆದರೆ ಬಾಲ್ಯದಲ್ಲಿ ಈ ಕೊರತೆ ತಿಳಿಯುವುದೇ ಇಲ್ಲ. ಎಳೆಯ ಕಣ್ಣಿನ ಮಸೂರ ಮೆತ್ತಗಿರುತ್ತದೆ. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1855ರಲ್ಲಿ ವಿವರಿಸಿದಂತೆ, ಮಸೂರದ ಸುತ್ತಲಿನ ಉಂಗುರದಂಥ ಸ್ನಾಯು ಸಂಕೋಚಗೊಂಡಾಗ ಮಸೂರವನ್ನು ಎಳೆದು ಹಿಡಿದ ಎಳೆಗಳು ಸಡಿಲಾಗುತ್ತವೆ. ಆಗ ಮಸೂರವು ತನ್ನ ಸಹಜ ಸ್ವಭಾವದಿಂದ ದುಂಡಾಗಿ ಹೆಚ್ಚಿನ ಶಕ್ತಿಯನ್ನು ಪಡೆಯುತ್ತದೆ. ಇದಕ್ಕೆ ಹೊಂದಾಣಿಕೆ ಎನ್ನುತ್ತಾರೆ. ಹತ್ತಿರದ ವಸ್ತುವನ್ನು ನೋಡಲು ಎಲ್ಲರೂ ಬಳಸುವ ಈ ಶಕ್ತಿಯನ್ನು ಗಿಡ್ಡ ಕಣ್ಣಿನವನು ದೂರದ ವಸ್ತುವನ್ನು ನೋಡಲೂ ಬಳಸುತ್ತಾನೆ. ಎಲ್ಲವೂ ಸ್ಪಷ್ಟವಾಗಿಯೇ ಕಾಣುತ್ತದೆ. ಆದರೆ ಅವನು ಬಡ್ಡಿಯಿಂದಲ್ಲ, ಮೂಲಧನದಿಂದಲೇ ಖರ್ಚು ಮಾಡುತ್ತಿದ್ದಾನೆ. ಮಸೂರವು ಜೀವಮಾನವಿಡೀ ಪದರದ ಮೇಲೆ ಪದರವಾಗಿ ಬೆಳೆದು, ವರ್ಷದಿಂದ ವರ್ಷಕ್ಕೆ ಗಟ್ಟಿಯಾಗುತ್ತದೆ. ಸ್ನಾಯುವಿನ ಬಲ ಹೆಚ್ಚು ಕುಂದದಿದ್ದರೂ ಅದರ ಆಜ್ಞೆಯನ್ನು ಪಾಲಿಸಲು ಮಸೂರಕ್ಕೆ ಸಾಧ್ಯವಾಗುವುದಿಲ್ಲ.

ಹೀಗೆ ಕಳೆದುಹೋಗುವ ಶಕ್ತಿಯನ್ನು ಲೆಕ್ಕ ಹಾಕಲು ಹಾಫ್‌ಸ್ಟೆಟರ್ ಎಂಬ ತಜ್ಞನು ಕೊಟ್ಟ ಸರಳ ಸೂತ್ರವೊಂದುಂಟು: ವಯಸ್ಸನ್ನು 0.3ರಿಂದ ಗುಣಿಸಿ, ಬಂದ ಮೊತ್ತವನ್ನು 18.5ರಿಂದ ಕಳೆದರೆ ಉಳಿಯುವುದೇ ಆ ವಯಸ್ಸಿನ ಸರಾಸರಿ ಹೊಂದಾಣಿಕೆ. 45ನೆಯ ವಯಸ್ಸಿಗೆ ಇದು 5 ಡಯಾಪ್ಟರು. ಪುಸ್ತಕವನ್ನು 40 ಸೆಂಟಿಮೀಟರು ದೂರದಲ್ಲಿ ಹಿಡಿದು ಓದಲು 2.5 ಡಯಾಪ್ಟರು ಬೇಕು. ಇರುವ ಶಕ್ತಿಯಲ್ಲಿ ಅರ್ಧವನ್ನು ಮಾತ್ರ ಆಯಾಸವಿಲ್ಲದೆ ಬಹಳ ಹೊತ್ತು ಬಳಸಬಹುದೆಂಬುದು ಅನುಭವದ ಮಾತು. ಆದ್ದರಿಂದ ದೋಷವಿಲ್ಲದ ಕಣ್ಣಿಗೆ 45ರ ಸುಮಾರಿಗೆ ತೊಂದರೆ ಆರಂಭವಾಗುತ್ತದೆ. ಎರಡು ಡಯಾಪ್ಟರು ದೂರದೃಷ್ಟಿಯುಳ್ಳವನಿಗಾದರೋ ಓದಲು 2.5ರ ಬದಲು 4.5 ಬೇಕು. ಅದಕ್ಕೆ 9 ಡಯಾಪ್ಟರಿನ ಮೂಲಧನವಿರಬೇಕು. ಅಷ್ಟಿರುವುದು 32ನೆಯ ವಯಸ್ಸಿನವರೆಗೆ ಮಾತ್ರ. ಅಂದರೆ ಹದಿಮೂರು ವರ್ಷ ಮುಂಚಿತವಾಗಿಯೇ ಅವನಿಗೆ ಚಾಳೀಸು ಬಂದಂತಾಯಿತು. ಅಷ್ಟಕ್ಕೇ ಮುಗಿಯಲಿಲ್ಲ. 55ನೆಯ ವಯಸ್ಸಿಗೆ ಉಳಿಯುವ ಇಡೀ ಶಕ್ತಿ ಎರಡೇ ಡಯಾಪ್ಟರಾದ್ದರಿಂದ, ದೂರದ ನೋಟಕ್ಕೇ ಅದೆಲ್ಲ ವೆಚ್ಚವಾಗಿ ಹತ್ತಿರಕ್ಕೆ ಏನೂ ಉಳಿಯುವುದಿಲ್ಲ. ಚಿಕ್ಕಂದಿನಲ್ಲಿ ಗುಡ್ಡದ ಮೇಲಿನ ದನಗಳನ್ನು ಇಲ್ಲಿಂದಲೇ ಎಣಿಸಿ ಹೇಳುತ್ತಿದ್ದವನಿಗೆ ಮೊದಲು ಅಕ್ಷರ, ಆಮೇಲೆ ಬಸ್ಸಿನ ಫಲಕ ಮಸುಕಾಗುತ್ತವೆ. ಇದಕ್ಕೆ ಪ್ರತಿಯಾಗಿ, 2.5 ಡಯಾಪ್ಟರಿನ ಸಮೀಪದೃಷ್ಟಿಯುಳ್ಳ ಅವನ ಸಹಪಾಠಿ ಕನ್ನಡಕ ತೆಗೆದಿಟ್ಟು ಎಂಬತ್ತರಲ್ಲೂ ಪತ್ರಿಕೆ ಓದುತ್ತಾನೆ. ಇವೆಲ್ಲ ಸರಾಸರಿಯ ಲೆಕ್ಕಗಳೆಂಬುದನ್ನು ಮರೆಯಬಾರದು. ಆದರೂ ಬರುವ ಕ್ರಮ ಇದೇ.

ಕನ್ನಡಕದ ಮಾತು

ಶಸ್ತ್ರದ ಮಾತಿಗೆ ಮೊದಲು ಕನ್ನಡಕಕ್ಕೆ ಸಲ್ಲಬೇಕಾದ ಗೌರವವನ್ನು ಸಲ್ಲಿಸಬೇಕು. ಅಸ್ಸಾಮಿನ ಚಹಾತೋಟಗಳಲ್ಲಿ ನಾಲ್ವತ್ತು ದಾಟಿದ 751 ಕಾರ್ಮಿಕರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇಲ್ಲಿ ಸ್ಮರಣೀಯ. ಅವರಲ್ಲಿ ಅರ್ಧದಷ್ಟು ಜನರಿಗೆ ಹತ್ತಿರದ ನೋಟದ ಕನ್ನಡಕವನ್ನು ಆರಂಭದಲ್ಲೇ ಕೊಡಲಾಯಿತು. ಉಳಿದವರಿಗೆ ಅಧ್ಯಯನ ಮುಗಿದ ಮೇಲೆ. ಕನ್ನಡಕ ಧರಿಸಿದವರು ದಿನಕ್ಕೆ ಕಿತ್ತ ಎಲೆಯ ತೂಕ ಮತ್ತೊಂದು ಗುಂಪಿಗಿಂತ ಶೇಕಡಾ 21ಕ್ಕೂ ಮೀರಿ ಹೆಚ್ಚಿತು. ಜಗತ್ತಿನಲ್ಲಿ ಹತ್ತಿರದ ನೋಟಕ್ಕೆ ಸರಿಯಾದ ಕನ್ನಡಕವಿಲ್ಲದೆ ತೊಂದರೆಪಡುವವರು 80 ಕೋಟಿಗೂ ಹೆಚ್ಚೆಂದು 2015ರ ಸ್ಥಿತಿಯ ಅಂದಾಜು ಹೇಳುತ್ತದೆ. ನೇತ್ರಶಿಬಿರಕ್ಕೆ ಹಣ ಕೊಡುವ ದಾನಿಗಳು ಈ ಎರಡು ಸಂಖ್ಯೆಗಳನ್ನು ಗಮನಿಸುವುದೊಳಿತು. ಶಸ್ತ್ರಚಿಕಿತ್ಸೆಗೆ ತಗಲುವ ಹಣದ ಒಂದಂಶದಲ್ಲಿ ಒಂದು ಹಳ್ಳಿಯ ದರ್ಜಿಗಳಿಗೂ ನೇಕಾರರಿಗೂ ಕನ್ನಡಕ ಒದಗಿಸಬಹುದು.

ಹಾಗಾದರೆ ಶಸ್ತ್ರಚಿಕಿತ್ಸೆ ಏತಕ್ಕೆ? ದೂರದೃಷ್ಟಿ ಹೆಚ್ಚಿದ್ದವರಿಗೆ ಕನ್ನಡಕ ಸುಲಭದ ಒಡನಾಡಿಯಲ್ಲ. ಗಾಜು ನಡುವೆ ದಪ್ಪ, ಭಾರ. ವಸ್ತುಗಳು ಇರುವುದಕ್ಕಿಂತ ದೊಡ್ಡದಾಗಿ, ಅಂಚುಗಳು ಬಾಗಿದಂತೆ ಕಾಣುತ್ತವೆ. ಇದರ ಪರಾಕಾಷ್ಠೆಯನ್ನು ಕರ್ನಾಟಕದ ಹಿರಿಯರು ಕಣ್ಣಾರೆ ಕಂಡಿದ್ದಾರೆ. 1916ರಲ್ಲಿ ಬೀಳಗಿಯಲ್ಲಿ ಜನಿಸಿದ ಡಾ. ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ಸಾಮೂಹಿಕ ಶಿಬಿರಗಳಲ್ಲಿ ಬಡವರ ಕಣ್ಣಿನ ಪೊರೆ ತೆಗೆದ ಸೇವೆ ನಾಡಿಗೇ ಪರಿಚಿತ. 1968ರಲ್ಲಿ ಅವರಿಗೆ ಪದ್ಮಭೂಷಣ ಸಂದಿತು. ಆ ದಶಕಗಳಲ್ಲಿ ಪೊರೆಗಟ್ಟಿದ ಮಸೂರವನ್ನು ತೆಗೆದು ಅದರ ಸ್ಥಾನದಲ್ಲಿ ಏನನ್ನೂ ಇಡುತ್ತಿರಲಿಲ್ಲ. ಮಸೂರವಿಲ್ಲದ ಕಣ್ಣೆಂದರೆ ದೂರದೃಷ್ಟಿಯ ತುತ್ತತುದಿ. ಅಂಥವರು ಹತ್ತು ಡಯಾಪ್ಟರಿನ ಆಸುಪಾಸಿನ ‘ಸೋಡಾಬುಡ್ಡಿ’ ಕನ್ನಡಕ ಧರಿಸಬೇಕಾಗುತ್ತಿತ್ತು. ಕುರುಡು ಹೋಗಿ ಬೆಳಕು ಬಂದಿತ್ತು, ನಿಜ. ಆದರೆ ಚೆಂಬು ಕೊಡದಷ್ಟು ದೊಡ್ಡದಾಗಿ ಕಂಡು, ಕೈ ಚಾಚಿದಲ್ಲಿ ಅದು ಸಿಕ್ಕುತ್ತಿರಲಿಲ್ಲ. ಬಾಗಿಲ ನಿಲುವುಗಳು ಬಿಲ್ಲಿನಂತೆ ಬಾಗಿರುತ್ತಿದ್ದವು. ಮಸೂರವನ್ನು ಕಣ್ಣಿನೊಳಗೇ ಇಡಬೇಕೆಂಬ ಆಲೋಚನೆಯ ಬೆಲೆ ತಿಳಿಯಬೇಕಾದರೆ ಈ ಚಿತ್ರ ಕಣ್ಮುಂದಿರಬೇಕು.

ಕಾರ್ನಿಯದ ಮೇಲೆ

ಶಸ್ತ್ರಕ್ಕೆ ಕಣ್ಣಿನಲ್ಲಿ ಮುಖ್ಯವಾಗಿ ಎರಡು ಕ್ಷೇತ್ರಗಳುಂಟು: ಹೊರಗಿನ ಕಾರ್ನಿಯ, ಒಳಗಿನ ಮಸೂರ. ಕಾರ್ನಿಯವನ್ನು ಕೊರೆಯುವ ಎಕ್ಸೈಮರ್ ಲೇಸರಿನ ಕಥೆಯಲ್ಲಿ ಮದರಾಸಿನಲ್ಲಿ ಹುಟ್ಟಿದ ರಂಗಸ್ವಾಮಿ ಶ್ರೀನಿವಾಸನ್ ಅವರದು ದೊಡ್ಡ ಪಾತ್ರ. ಅಮೆರಿಕದ ಐಬಿಎಂ ಸಂಶೋಧನಾಲಯದಲ್ಲಿ ಪ್ಲಾಸ್ಟಿಕ್ಕನ್ನು ಕೊರೆಯಲು ಬಳಸುತ್ತಿದ್ದ ಈ ಅತಿನೇರಳೆ ಕಿರಣವನ್ನು ಅವರು 1981ರಲ್ಲಿ ಹಬ್ಬದೂಟದಿಂದ ಉಳಿದ ಟರ್ಕಿ ಕೋಳಿಯ ಮೃದ್ವಸ್ಥಿಯ ಮೇಲೆ ಪ್ರಯೋಗಿಸಿ ನೋಡಿದರು. ಸುತ್ತಲಿನ ಭಾಗ ಸುಡದೆ, ಕೂದಲೆಳೆಗಿಂತ ಸೂಕ್ಷ್ಮವಾದ ಗೆರೆ ಮೂಡಿತು. ಜೇಮ್ಸ್ ವಿನ್ ಮತ್ತು ಸ್ಯಾಮ್ಯುಯೆಲ್ ಬ್ಲಮ್ ಅವರೊಂದಿಗೆ ಮಾಡಿದ ಈ ಶೋಧಕ್ಕಾಗಿ 2013ರಲ್ಲಿ ಅಮೆರಿಕದ ಅಧ್ಯಕ್ಷರು ಮೂವರಿಗೂ ರಾಷ್ಟ್ರೀಯ ಪದಕವನ್ನಿತ್ತರು.

ಕಾರ್ನಿಯದ ಮೇಲೆ ತೆಳುವಾದ ಮುಚ್ಚಳವೊಂದನ್ನು ಎಬ್ಬಿಸಿ, ಕೆಳಗಿನ ಪದರವನ್ನು ಈ ಕಿರಣದಿಂದ ಕೊರೆದು, ಮುಚ್ಚಳವನ್ನು ಮರಳಿ ಮುಚ್ಚುವ ಕ್ರಮಕ್ಕೆ ಲೇಸಿಕ್ ಎಂದು ಹೆಸರು. ಸಮೀಪದೃಷ್ಟಿಯುಳ್ಳವರಲ್ಲಿ ಮಧ್ಯವನ್ನು ಕೊರೆದು ಚಪ್ಪಟೆ ಮಾಡಿದರೆ ಸಾಕು. ದೂರದೃಷ್ಟಿಯಲ್ಲಿ ಕೆಲಸ ತಿರುವು ಮುರುವು: ಮಧ್ಯವನ್ನು ಇನ್ನಷ್ಟು ಉಬ್ಬಿಸಬೇಕು. ಲೇಸರು ತೆಗೆಯಬಲ್ಲುದಲ್ಲದೆ ಸೇರಿಸಲಾರದು. ಆದ್ದರಿಂದ ಮಧ್ಯವನ್ನು ಹಾಗೆಯೇ ಬಿಟ್ಟು ಸುತ್ತಲೂ ಉಂಗುರಾಕಾರವಾಗಿ ಕೊರೆಯುತ್ತಾರೆ; ಸುತ್ತ ಕಂದಕ ತೋಡಿದಾಗ ನಡುವಿನ ನೆಲ ದಿಬ್ಬವಾಗಿ ನಿಲ್ಲುವಂತೆ ಮಧ್ಯಭಾಗ ಎದ್ದು ನಿಲ್ಲುತ್ತದೆ. ಆದರೆ ಕಂದಕದಲ್ಲಿ ಹೂಳು ತುಂಬುವಂತೆ, ಕಾರ್ನಿಯದ ಮೇಲ್ಪದರ ಆ ಉಂಗುರದಲ್ಲಿ ದಪ್ಪನಾಗಿ ಬೆಳೆದು, ಪಡೆದ ಫಲದಲ್ಲಿ ಸ್ವಲ್ಪ ಭಾಗವನ್ನು ಕಾಲಕ್ರಮದಲ್ಲಿ ಕಸಿದುಕೊಳ್ಳುವುದುಂಟು. ದಿಬ್ಬ ತೀರ ಕಡಿದಾದರೆ ನೋಟದ ಗುಣ ಕೆಡುತ್ತದೆ, ಕಣ್ಣು ಒಣಗುತ್ತದೆ. ಹೀಗಾಗಿ ಸುಮಾರು ನಾಲ್ಕು ಡಯಾಪ್ಟರಿನ ಆಚೆಗೆ ಅನುಭವಿ ವೈದ್ಯರು ಹೋಗಬಯಸುವುದಿಲ್ಲ. ಇನ್ನೊಂದು ಸೂಕ್ಷ್ಮವೂ ಇದೆ. ಗಿಡ್ಡ ಕಣ್ಣಿನಲ್ಲಿ ನೋಟದ ರೇಖೆ ಪಾಪೆಯ ನಡುವಿನಿಂದ ಮೂಗಿನ ಕಡೆಗೆ ಸರಿದಿರುವುದು ಹೆಚ್ಚು. ಪಾಪೆಯ ಮಧ್ಯವನ್ನೇ ನೋಟದ ಮಧ್ಯವೆಂದು ಹಿಡಿದು ಕೊರೆದರೆ ದಿಬ್ಬ ತಪ್ಪಿದ ಜಾಗದಲ್ಲಿ ಏಳುತ್ತದೆ.

ಇಷ್ಟರಿಂದ ದೂರದ ನೋಟ ಸರಿಹೋಯಿತು, ಚಾಳೀಸು ಉಳಿಯಿತು. ಅದಕ್ಕೆ ಬಳಸುವ ಹಳೆಯ ಉಪಾಯವೆಂದರೆ ಕಣ್ಣುಗಳಿಗೆ ಕೆಲಸ ಹಂಚಿಕೊಡುವುದು. ಪ್ರಧಾನವಾದ ಕಣ್ಣನ್ನು ದೂರಕ್ಕೆ ಹೊಂದಿಸಿ, ಇನ್ನೊಂದನ್ನು ಒಂದೂಕಾಲು, ಒಂದೂವರೆ ಡಯಾಪ್ಟರಿನ ಸಮೀಪದೃಷ್ಟಿಗೆ ತರುತ್ತಾರೆ. ಮಿದುಳು ಬೇಕಾದ ಕಣ್ಣಿನ ಬಿಂಬವನ್ನು ಆರಿಸಿಕೊಳ್ಳುತ್ತದೆ. ಪ್ರಧಾನ ಕಣ್ಣು ಯಾವುದೆಂದು ತಿಳಿಯುವುದು ಶಾಲೆಯ ಮಕ್ಕಳಿಗೂ ಸಾಧ್ಯ: ಎರಡು ಅಂಗೈಗಳ ನಡುವೆ ಕಿಂಡಿ ಮಾಡಿ, ಎರಡೂ ಕಣ್ಣು ತೆರೆದು, ಅದರಲ್ಲಿ ಗೋಡೆಯ ಗಡಿಯಾರವನ್ನು ನೋಡಬೇಕು, ಆಮೇಲೆ ಒಂದೊಂದೇ ಕಣ್ಣನ್ನು ಮುಚ್ಚಬೇಕು. ಯಾವ ಕಣ್ಣು ಮುಚ್ಚಿದಾಗ ಗಡಿಯಾರ ಮರೆಯಾಗುವುದೋ ಅದೇ ಪ್ರಧಾನ. ಈ ಹಂಚಿಕೆ ಎಲ್ಲರಿಗೂ ಒಗ್ಗುವುದಿಲ್ಲ. ಎರಡು ಕಣ್ಣು ಕೂಡಿ ಅಳೆಯುವ ಆಳದ ಅರಿವು ಸ್ವಲ್ಪ ತಗ್ಗುತ್ತದೆ. ರಾತ್ರಿ ವಾಹನ ನಡೆಸುವವರಿಗೆ ಕಷ್ಟವಾಗಬಹುದು. ಅದಕ್ಕಾಗಿಯೇ ಮೊದಲು ಒಂದೆರಡು ವಾರ ಕಾಂಟ್ಯಾಕ್ಟ್ ಲೆನ್ಸುಗಳಿಂದ ಇದನ್ನು ಅಭಿನಯಿಸಿ ನೋಡುತ್ತಾರೆ. ಹಾಗೆ ಪರೀಕ್ಷಿಸದೆ ಲೇಸರಿನ ಕೆಳಗೆ ಮಲಗುವುದು ಅವಿವೇಕ. ದೂರದೃಷ್ಟಿಯುಳ್ಳವರಿಗೆ ಇನ್ನೊಂದು ಅಡಚಣೆಯೂ ಇದೆ: ಎರಡು ಡಯಾಪ್ಟರಿನ ದೋಷವನ್ನು ತೆಗೆದು, ಮೇಲೆ ಒಂದೂವರೆ ಸೇರಿಸಬೇಕಾದರೆ ಆ ಕಣ್ಣಿನಲ್ಲಿ ಮೂರೂವರೆಯಷ್ಟು ಕೊರೆತ ಬೇಕು. ದೋಷ ಮೂರಿದ್ದವರಿಗೆ ಇದು ಮೇಲೆ ಹೇಳಿದ ಎಲ್ಲೆಯನ್ನೇ ದಾಟಿಹೋಗುತ್ತದೆ.

ಒಂದೇ ಕಾರ್ನಿಯದಲ್ಲಿ ಮಧ್ಯವನ್ನು ಹತ್ತಿರಕ್ಕೂ ಅಂಚನ್ನು ದೂರಕ್ಕೂ ಹೊಂದಿಸುವ ಬಹುನಾಭಿ ಲೇಸರು ಕ್ರಮವೂ ಬಳಕೆಯಲ್ಲಿದೆ. ಓದುವಾಗ ಪಾಪೆ ಕುಗ್ಗುವುದರಿಂದ ಮಧ್ಯಭಾಗವೇ ಕೆಲಸಕ್ಕೆ ಬರುತ್ತದೆಂಬುದು ಇದರ ತರ್ಕ. ದೂರದೃಷ್ಟಿಗೆ ಮಧ್ಯವನ್ನು ಹೇಗೂ ಉಬ್ಬಿಸಲೇಬೇಕಾದ್ದರಿಂದ ಈ ತರ್ಕ ಅವರಿಗೆ ಅನುಕೂಲವಾಗಿಯೇ ಇದೆ; ಆದರೆ ದೂರದ ನೋಟದ ಹರಿತದಲ್ಲಿ ತುಸು ಬಿಟ್ಟುಕೊಡಬೇಕು.

ಈ ಕ್ಷೇತ್ರದಲ್ಲಿ ಬಂದುಹೋದ ಹೊಸತುಗಳ ಇತಿಹಾಸ ಎಚ್ಚರಿಕೆಗೆ ಕಾರಣವಾಗಬೇಕು. ರೇಡಿಯೋ ತರಂಗದ ಸೂಜಿಯಿಂದ ಕಾರ್ನಿಯದ ಅಂಚಿನಲ್ಲಿ ವೃತ್ತಾಕಾರವಾಗಿ ಚುಕ್ಕೆಗಳನ್ನು ಕಾಯಿಸಿ, ನಡುಪಟ್ಟಿ ಬಿಗಿದಂತೆ ಅಂಚನ್ನು ಬಿಗಿದು, ಮಧ್ಯವನ್ನು ಉಬ್ಬಿಸುವ ಕ್ರಮಕ್ಕೆ ಅಮೆರಿಕದಲ್ಲಿ 2002ರಲ್ಲಿ ದೂರದೃಷ್ಟಿಗಾಗಿ, 2004ರಲ್ಲಿ ಚಾಳೀಸಿಗಾಗಿ ಅನುಮತಿ ದೊರೆಯಿತು. ಕತ್ತರಿಸುವುದಿಲ್ಲ, ಕೊರೆಯುವುದಿಲ್ಲ ಎಂದು ಜನ ಮೆಚ್ಚಿದರು. ಆದರೆ ಬಿಗಿದ ಪಟ್ಟಿ ವರ್ಷಗಳಲ್ಲಿ ಸಡಿಲಾಯಿತು. ಅದರೊಂದಿಗೆ ಬಳಕೆಯೂ ಬಹುಮಟ್ಟಿಗೆ ನಿಂತುಹೋಯಿತು. ಆಮೇಲೆ ಬಂದದ್ದು ಕಾರ್ನಿಯದೊಳಗೆ ಹುದುಗಿಸುವ ಬಿಲ್ಲೆ. 2015ರಲ್ಲಿ ಅನುಮತಿ ಪಡೆದ ‘ಕ್ಯಾಮ್ರಾ’ ಎಂಬುದು ನಡುವೆ 1.6 ಮಿಲಿಮೀಟರಿನ ರಂಧ್ರವುಳ್ಳ ಕಪ್ಪು ಉಂಗುರ. ಸೂಜಿರಂಧ್ರದ ಕ್ಯಾಮರಾದಂತೆ ನೋಟದ ಆಳವನ್ನು ಹೆಚ್ಚಿಸುತ್ತದೆ. 2016ರಲ್ಲಿ ಬಂದ ‘ರೇನ್‌ಡ್ರಾಪ್’ ಮಳೆಹನಿಯಷ್ಟೇ ತಿಳಿಯಾದ, ಎರಡು ಮಿಲಿಮೀಟರಿನ ಬಿಲ್ಲೆ. ಅದನ್ನು ಧರಿಸಿದ ಅನೇಕರ ಕಾರ್ನಿಯದಲ್ಲಿ ಮಂಜು ಕವಿದದ್ದು ಕಂಡುಬಂದು, 2018ರಲ್ಲಿ ಅಮೆರಿಕದ ಔಷಧ ಆಡಳಿತ ಅದರ ಬಳಕೆ ನಿಲ್ಲಿಸುವಂತೆ ವೈದ್ಯರಿಗೆ ತಿಳಿಸಿತು. ಇಂಥ ಬಿಲ್ಲೆಗಳು ದೂರದ ನೋಟ ಸರಿಯಿದ್ದವರಿಗಾಗಿ ರೂಪುಗೊಂಡವು. ದೂರದೃಷ್ಟಿಯುಳ್ಳವರಿಗಾದರೆ ಲೇಸರನ್ನೂ ಜೊತೆಗೂಡಿಸಬೇಕಿತ್ತು. ಕಣ್ಣಿನ ಬಿಳಿಯ ಗೋಡೆಯನ್ನು ಹಿಗ್ಗಿಸಿ ಸ್ನಾಯುವಿಗೆ ಬಿಗಿ ತರುವ ಯತ್ನಗಳೂ 1990ರ ದಶಕದಿಂದ ನಡೆದಿವೆ. ಮಸೂರವೇ ಗಟ್ಟಿಯಾಗಿರುವಾಗ ಗೋಡೆಯನ್ನು ಹಿಗ್ಗಿಸಿ ಫಲವೇನೆಂಬ ಆಕ್ಷೇಪಕ್ಕೆ ಸಮರ್ಪಕ ಉತ್ತರ ಇನ್ನೂ ದೊರೆತಿಲ್ಲ.

ಮಸೂರವನ್ನೇ ಬದಲಿಸುವುದು

ಎರಡನೆಯ ಮಹಾಯುದ್ಧದಲ್ಲಿ ವಿಮಾನದ ಮೇಲ್ಛಾವಣಿ ಒಡೆದು ಪರ್ಸ್ಪೆಕ್ಸ್ ಚೂರುಗಳು ಕಣ್ಣಿಗೆ ಹೊಕ್ಕ ಬ್ರಿಟಿಷ್ ವೈಮಾನಿಕರನ್ನು ಲಂಡನ್ನಿನ ಹೆರಾಲ್ಡ್ ರಿಡ್ಲಿ ಪರೀಕ್ಷಿಸಿದ್ದನು. ಆ ಚೂರುಗಳನ್ನು ಕಣ್ಣು ಸಹಿಸಿಕೊಂಡದ್ದನ್ನು ಕಂಡ ಅವನು 1949ರ ನವೆಂಬರಿನಲ್ಲಿ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅಂಥದೇ ವಸ್ತುವಿನ ಕೃತಕ ಮಸೂರವನ್ನು ಮೊದಲ ಸಲ ಕಣ್ಣಿನಲ್ಲಿಟ್ಟನು. ಸಮಕಾಲೀನ ಪಂಡಿತರು ಬಹುಕಾಲ ಅವನನ್ನು ವಿರೋಧಿಸಿದರು. 1967ರಲ್ಲಿ ನ್ಯೂಯಾರ್ಕಿನ ಚಾರ್ಲ್ಸ್ ಕೆಲ್ಮನ್ ಶ್ರವಣಾತೀತ ಕಂಪನದಿಂದ ಗಟ್ಟಿ ಮಸೂರವನ್ನು ಪುಡಿಮಾಡಿ ಹೀರುವ ಕ್ರಮವನ್ನು ತಂದನು. ಇಂದು ಎರಡು, ಎರಡೂವರೆ ಮಿಲಿಮೀಟರಿನ ಸೀಳಿನಲ್ಲಿ ಹಳೆಯ ಮಸೂರ ಹೊರಬಂದು, ಮಡಿಸಿದ ಹೊಸ ಮಸೂರ ಒಳಹೋಗಿ, ತೆಳುವಾದ ಸ್ವಾಭಾವಿಕ ಚೀಲದೊಳಗೆ ಬಿಚ್ಚಿಕೊಳ್ಳುತ್ತದೆ. ಪೊರೆ ಬರುವ ಮೊದಲೇ, ತಿಳಿಯಾಗಿರುವ ಮಸೂರವನ್ನು ದೃಷ್ಟಿದೋಷದ ಸಲುವಾಗಿ ಹೀಗೆ ಬದಲಿಸುವುದು ಚಾಳೀಸಿನ ಶಸ್ತ್ರಚಿಕಿತ್ಸೆಗಳಲ್ಲಿ ಮೂಲಕ್ಕೆ ಕೈಹಾಕುವ ಮಾರ್ಗ. ಗಟ್ಟಿಯಾದ ಮಸೂರವೇ ಹೋಯಿತು. ಇನ್ನು ಮುಂದೆ ಪೊರೆ ಬರುವ ಭಯವೂ ಇಲ್ಲ.

ಹೊಸ ಮಸೂರ ಒಂದೇ ನಾಭಿಯದಾದರೆ ದೂರ ಸ್ಪಷ್ಟವಾಗಿ, ಓದಲು ಚಾಳೀಸು ಬೇಕು. ಇಲ್ಲವೆ ಮೇಲೆ ಹೇಳಿದ ಕೆಲಸದ ಹಂಚಿಕೆಯನ್ನು ಇಲ್ಲಿಯೂ ಮಾಡಬಹುದು. ಬಹುನಾಭಿಯ ಮಸೂರಗಳು ತಮ್ಮ ಮೈಮೇಲಿನ ಸೂಕ್ಷ್ಮ ವೃತ್ತಗಳಿಂದ ಬೆಳಕನ್ನು ಎರಡು ಅಥವಾ ಮೂರು ನಾಭಿಗಳಿಗೆ ಹಂಚುತ್ತವೆ: ದೂರಕ್ಕಿಷ್ಟು, ಕೈಯಳತೆಗಿಷ್ಟು, ಪುಸ್ತಕಕ್ಕಿಷ್ಟು. ಹಂಚಿದ ಮೇಲೆ ಯಾರ ಪಾಲಿಗೂ ಪೂರ್ಣ ಬೆಳಕು ಬರುವುದಿಲ್ಲವೆಂಬುದು ಸ್ವಯಂವೇದ್ಯ. ಮಬ್ಬು ಬೆಳಕಿನಲ್ಲಿ ಅಕ್ಷರ ಕಳೆಗುಂದುತ್ತದೆ. ರಾತ್ರಿ ದೀಪಗಳ ಸುತ್ತ ಪ್ರಭಾವಳಿ ಕಾಣುತ್ತದೆ. ಅನೇಕರಿಗೆ ಕೆಲವು ತಿಂಗಳಲ್ಲಿ ಅದು ರೂಢಿಯಾಗುತ್ತದೆ, ಕೆಲವರಿಗೆ ಆಗುವುದೇ ಇಲ್ಲ. ಅಕ್ಷಿಪಟದ ನಡುಭಾಗ ಕೆಟ್ಟವರಿಗೆ, ಗ್ಲಾಕೋಮದಿಂದ ನರ ಸೊರಗಿದವರಿಗೆ ಇವು ಹೇಳಿಸಿದವಲ್ಲ. ಪ್ರಭಾವಳಿಯನ್ನು ಕಡಿಮೆ ಮಾಡಲೆಂದು ನಾಭಿಯನ್ನು ಒಡೆಯದೆ ಉದ್ದಕ್ಕೆ ಎಳೆದಂಥ ಮಸೂರಗಳೂ ಬಂದಿವೆ. ಅವುಗಳಿಂದ ಸಣ್ಣಕ್ಷರಕ್ಕೆ ತೆಳುವಾದ ಕನ್ನಡಕ ಬೇಕಾಗಬಹುದು.

ಈ ಮಾರ್ಗ ದೂರದೃಷ್ಟಿಯುಳ್ಳವರಿಗೆ ಉಳಿದವರಿಗಿಂತ ಹೆಚ್ಚು ಒಗ್ಗುತ್ತದೆಂಬುದು ನೇತ್ರತಜ್ಞರ ಸಾಮಾನ್ಯ ಅಭಿಪ್ರಾಯ. ಕಾರಣ ಸರಳ. ಸಮೀಪದೃಷ್ಟಿಯುಳ್ಳವನು ಬರಿಗಣ್ಣಿನಿಂದ ಓದುವ ಭಾಗ್ಯವನ್ನು ಅನುಭವಿಸಿದವನು. ಹಂಚಿದ ಬೆಳಕಿನ ಓದು ಅವನಿಗೆ ರುಚಿಸುವುದಿಲ್ಲ. ದೂರದೃಷ್ಟಿಯವನಿಗೆ ಐವತ್ತೈದರಲ್ಲಿ ಬರಿಗಣ್ಣಿಗೆ ದೂರವೂ ಇಲ್ಲ, ಹತ್ತಿರವೂ ಇಲ್ಲ. ಅವನು ಕಳೆದುಕೊಳ್ಳುವುದು ಸ್ವಲ್ಪ, ಪಡೆಯುವುದು ಬಹಳ. ಮೇಲಾಗಿ, ಮಸೂರ ತೆಗೆದ ಮೇಲೆ ಅಕ್ಷಿಪಟ ಕಳಚುವ ಅಪಾಯ ಉದ್ದ ಕಣ್ಣಿನವರಲ್ಲಿ ಹೆಚ್ಚು, ಗಿಡ್ಡ ಕಣ್ಣಿನವರಲ್ಲಿ ಕಡಿಮೆ. ಆದರೆ ಗಿಡ್ಡ ಕಣ್ಣಿಗೆ ತನ್ನದೇ ಆದ ತೊಡಕುಗಳಿವೆ. 21 ಮಿಲಿಮೀಟರಿನ ಕಣ್ಣಿಗೆ 30 ಡಯಾಪ್ಟರಿನಷ್ಟು ಪ್ರಬಲವಾದ ಮಸೂರ ಬೇಕಾಗಬಹುದು. ಮಸೂರ ಬಲವಾದಷ್ಟೂ, ಅದು ಕುಳಿತ ಜಾಗ ಅರ್ಧ ಮಿಲಿಮೀಟರು ಹಿಂದುಮುಂದಾದರೂ ನಂಬರಿನ ಲೆಕ್ಕ ತಪ್ಪುತ್ತದೆ. ಅದಕ್ಕೆಂದೇ ಗಿಡ್ಡ ಕಣ್ಣಿಗಾಗಿ ಹಾಫರ್-ಕ್ಯೂ ಮೊದಲಾದ ಪ್ರತ್ಯೇಕ ಸೂತ್ರಗಳು ಹುಟ್ಟಿದವು. ತೀರ ಪುಟ್ಟ ಕಣ್ಣುಗಳಲ್ಲಿ ಶಸ್ತ್ರಕ್ರಿಯೆಯೇ ಕಠಿಣ. ಒಳಪದರದಲ್ಲಿ ನೀರು ತುಂಬಿ ಉಬ್ಬುವ, ಒತ್ತಡ ಏರುವ ಸಂಭವಗಳುಂಟು. ನೋಟದ ರೇಖೆ ಪಾಪೆಯ ಮಧ್ಯದಿಂದ ಬಹಳ ಸರಿದಿದ್ದರೆ ಬಹುನಾಭಿಯ ವೃತ್ತಗಳ ನಡುವಿನಿಂದ ಬೆಳಕು ಹಾಯದೆ ನೋಟ ಕದಡುತ್ತದೆ. ಸೋಂಕು ಅತ್ಯಂತ ವಿರಳ, ಆದರೆ ತಗುಲಿದರೆ ಕಣ್ಣೇ ಹೋಗಬಹುದು. ಚೀಲದ ಹಿಂಭಾಗ ಕೆಲವು ವರ್ಷಗಳಲ್ಲಿ ಮಸುಕಾದರೆ ಲೇಸರಿನಿಂದ ಕಿಂಡಿ ತೆರೆಯಬೇಕಾಗುತ್ತದೆ. ಇದು ಸಣ್ಣ ಕೆಲಸ.

ಗಿಡ್ಡ ಕಣ್ಣಿನವರು ಕನ್ನಡಕದ ಪ್ರಶ್ನೆಗಿಂತ ಗಂಭೀರವಾಗಿ ತಿಳಿದಿರಬೇಕಾದ ಸಂಗತಿಯೊಂದಿದೆ. ಪುಟ್ಟ ಮನೆಯಲ್ಲಿ ಸಾಮಾನು ಬೆಳೆಯುತ್ತ ಹೋದಂತೆ, ಪುಟ್ಟ ಕಣ್ಣಿನಲ್ಲಿ ಮಸೂರ ವರ್ಷವರ್ಷವೂ ದಪ್ಪನಾಗಿ ಐರಿಸ್ ಎಂಬ ಬಣ್ಣದ ಪರದೆಯನ್ನು ಮುಂದಕ್ಕೆ ತಳ್ಳುತ್ತದೆ. ಕಣ್ಣಿನ ಒಳನೀರು ಹರಿದುಹೋಗುವ ಮೂಲೆ ಇಕ್ಕಟ್ಟಾಗಿ, ಒಮ್ಮೊಮ್ಮೆ ಪೂರ್ತಿ ಮುಚ್ಚಿಹೋಗುತ್ತದೆ. ಆಗ ಒತ್ತಡ ಏರಿ, ಕಣ್ಣು ಕೆಂಪಾಗಿ, ಅಸಹ್ಯವಾದ ತಲೆನೋವು, ವಾಂತಿ, ದೀಪದ ಸುತ್ತ ಕಾಮನಬಿಲ್ಲು ಕಾಣಿಸಿಕೊಳ್ಳುತ್ತವೆ. ಪಿತ್ತವೆಂದೋ ಅರೆತಲೆನೋವೆಂದೋ ತಿಳಿದು ಮನೆಮದ್ದಿನಲ್ಲಿ ಎರಡು ದಿನ ಕಳೆದರೆ ನೋಟ ಮರಳಿ ಬಾರದಂತೆ ಹೋಗಬಹುದು. ಇಂಥ ಕಣ್ಣಿನಲ್ಲಿ ಮಸೂರ ತೆಗೆದರೆ ಜಾಗ ಬಿಡುವಾಗಿ ಮೂಲೆ ತೆರೆದುಕೊಳ್ಳುತ್ತದೆ. ‘ಈಗಲ್’ ಎಂಬ ಹೆಸರಿನಲ್ಲಿ ಐದು ದೇಶಗಳ 30 ಆಸ್ಪತ್ರೆಗಳಲ್ಲಿ 419 ರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನ, ಐವತ್ತು ದಾಟಿದ ಇಂಥ ರೋಗಿಗಳಲ್ಲಿ ತಿಳಿಯಾದ ಮಸೂರವನ್ನು ತೆಗೆಯುವುದು ಐರಿಸ್ಸಿಗೆ ಲೇಸರಿನಿಂದ ರಂಧ್ರ ಮಾಡುವುದಕ್ಕಿಂತ ಮೇಲೆಂದು ತೋರಿಸಿತು. ಆದ್ದರಿಂದ ದೂರದೃಷ್ಟಿಯುಳ್ಳವರ ಪರೀಕ್ಷೆ ನಂಬರಿನೊಂದಿಗೆ ಮುಗಿಯಬಾರದು. ಒತ್ತಡವನ್ನೂ ಆ ಮೂಲೆಯನ್ನೂ ನೋಡಿಸಿಕೊಳ್ಳಬೇಕು. ಕನ್ನಡಕದ ಅಂಗಡಿಯಲ್ಲಿ ಇದು ಆಗತಕ್ಕದ್ದಲ್ಲ. ಮಸೂರವನ್ನು ಉಳಿಸಿಕೊಂಡೇ ಅದರ ಮುಂದೆ ಇನ್ನೊಂದನ್ನು ಕೂರಿಸುವ ಕ್ರಮವೂ ಇದೆಯಾದರೂ, ಇಕ್ಕಟ್ಟಾದ ಗಿಡ್ಡ ಕಣ್ಣಿನಲ್ಲಿ ಅದಕ್ಕೆ ಸ್ಥಳವಿರುವುದು ಅಪರೂಪ.

ಪಾಪೆಯನ್ನು ಕುಗ್ಗಿಸಿ ಕೆಲವು ಗಂಟೆ ಓದಲು ನೆರವಾಗುವ ಪೈಲೋಕಾರ್ಪಿನ್ ಹನಿಗೆ 2021ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಭಾರತದಲ್ಲಿ 2024ರ ಆಗಸ್ಟಿನಲ್ಲಿ ಇಂಥದೇ ಹನಿಗೆ ಕೊಟ್ಟ ಅನುಮತಿಯನ್ನು, ಅದರ ಪ್ರಚಾರ ಮಿತಿಮೀರಿದ ಕಾರಣ, ಮರುತಿಂಗಳೇ ಅಧಿಕಾರಿಗಳು ತಡೆಹಿಡಿದರು. ಕನ್ನಡಕವನ್ನೇ ಮರೆಸುವ ಮದ್ದೆಂದು ಪತ್ರಿಕೆಗಳಲ್ಲಿ ಬಂದದ್ದನ್ನು ಓದಿದವರು ಹಲವರಿರಬಹುದು. ಗಿಡ್ಡ ಕಣ್ಣಿನ ಮೂಲದೋಷವನ್ನು ಅದು ಮುಟ್ಟುವುದಿಲ್ಲ.

ನಲವತ್ತೆರಡರ ಉಪಾಧ್ಯಾಯಿನಿಯೊಬ್ಬರಿಗೆ ಎರಡು ಡಯಾಪ್ಟರಿನ ದೋಷವಿದೆಯೆಂದು ಭಾವಿಸಿದರೆ, ಅವರ ಮಸೂರದಲ್ಲಿ ಇನ್ನೂ ಐದಾರು ಡಯಾಪ್ಟರಿನಷ್ಟು ಶಕ್ತಿಯುಂಟು. ಅದನ್ನು ತೆಗೆದುಹಾಕುವುದು ದುಂದು. ಸರಿಯಾದ ಕನ್ನಡಕ, ಬೇಡವೆಂದಾದರೆ ಕಾಂಟ್ಯಾಕ್ಟ್ ಲೆನ್ಸು, ಅದೂ ಒಗ್ಗದಿದ್ದರೆ ಕಣ್ಣು ಒಣಗಿಲ್ಲವೆಂದು ಖಚಿತಪಡಿಸಿಕೊಂಡು ಲೇಸರು; ಅದರ ಫಲ ಚಾಳೀಸು ಬಲಿಯುವವರೆಗಿನದೆಂಬ ತಿಳಿವಳಿಕೆ ಜೊತೆಗಿರಬೇಕು. ಅವರ ಐವತ್ತೆಂಟರ ಅಣ್ಣನಿಗೆ ನಾಲ್ಕು ಡಯಾಪ್ಟರಿನ ದೋಷ, ಇಕ್ಕಟ್ಟಾದ ಮೂಲೆ, ಮಸೂರದಲ್ಲಿ ಆಗಲೇ ಮಬ್ಬು ಇದ್ದರೆ ಲೇಸರಿನ ಮಾತೇ ಬೇಡ. ಮಸೂರ ಬದಲಾವಣೆಯೇ ಯುಕ್ತ. ಅವನು ರಾತ್ರಿ ಲಾರಿ ನಡೆಸುವವನಾದರೆ ಒಂದೇ ನಾಭಿಯ ಮಸೂರ ಸಾಕು. ಓದಲು ಚಾಳೀಸು ಇದ್ದೇ ಇದೆ. ಎರಡೂ ಕಣ್ಣಿಗೆ ಒಂದೇ ದಿನ ಬೇಡವೆನ್ನುವ ವೈದ್ಯರು ಮೊದಲ ಕಣ್ಣಿನ ಫಲ ನೋಡಿ ಎರಡನೆಯದರ ನಂಬರನ್ನು ತಿದ್ದಿಕೊಳ್ಳುತ್ತಾರೆ. ಗಿಡ್ಡ ಕಣ್ಣಿನಲ್ಲಿ ಈ ತಾಳ್ಮೆಗೆ ಬೆಲೆಯುಂಟು.

ಲೇಸರು ಮಾಡಿಸಿಕೊಂಡವರು ಒಂದು ಕೆಲಸವನ್ನು ತಪ್ಪದೆ ಮಾಡಬೇಕು. ಚಿಕಿತ್ಸೆಗೆ ಮೊದಲು ತೆಗೆದ ಕಾರ್ನಿಯದ ಅಳತೆ, ಹಳೆಯ ಕನ್ನಡಕದ ನಂಬರು ಇರುವ ಹಾಳೆಗಳನ್ನು ಆಸ್ಪತ್ರೆಯಿಂದ ಪಡೆದು ಮನೆಯ ದಸ್ತಾವೇಜುಗಳೊಂದಿಗೆ ಇಟ್ಟುಕೊಳ್ಳಬೇಕು. ಇಪ್ಪತ್ತು ವರ್ಷಗಳ ಮೇಲೆ ಪೊರೆ ಬಂದು ಮಸೂರ ಬದಲಿಸುವ ಕಾಲ ಬಂದಾಗ, ಕೊರೆದ ಕಾರ್ನಿಯದಿಂದ ಹೊಸ ಮಸೂರದ ನಂಬರನ್ನು ಲೆಕ್ಕ ಹಾಕುವುದು ಕಷ್ಟವಾಗುತ್ತದೆ. ಆಗ ವೈದ್ಯರು ಮೊದಲು ಕೇಳುವುದು ಆ ಹಾಳೆಯನ್ನೇ.